ಕೆರೆಯಂಚಿನ ಕಲ್ಲು

ಕೆರೆಯೂ ಉಳಿಯಬೇಕು, ಊರೂ ಉಳಿಯಬೇಕು ಎಂದು ಬಂದ ತಂಡದಲ್ಲಿ ಗಿಡಮರ ಬಲ್ಲವರೊಬ್ಬರು, ಮಣ್ಣು ಬಲ್ಲವರೊಬ್ಬರು, ಊರವರ ಕಷ್ಟಸುಖ ಕೇಳಿ ಬರೆದುಕೊಳ್ಳುವ ಮೇಡಂ ಒಬ್ಬರಿದ್ದರು. ಅಳೆಯುವ ಕೆಲಸ ಚಂದ್ರಕಲಾಳದು. ಕೆರೆಯ ಗಡಿಕಲ್ಲಿನಿಂದ ಮೂವತ್ತು ಮೀಟರಿನೊಳಗೆ ಯಾರ ಮನೆಯಿದ್ದರೂ ಒಡೆಯಬೇಕೆಂದು ತೀರ್ಮಾನವಾಗಿತ್ತು.

ಶುಕ್ರವಾರ ಅಳತೆ ಮುಗಿಸಿ ಅವಳು ಟೇಪು ಸುತ್ತುತ್ತಿದ್ದಾಗ ಕೆರೆ ಪಕ್ಕದ ಮನೆಯ ನಿವೃತ್ತ ತಹಸೀಲ್ದಾರರು ತಮ್ಮ ಗೇಟಿಗೆ ಬಂದರು.

"ನಮ್ಮನೆ ಮೂವತ್ತು ಮೀಟರಿನೊಳಗೆ ಬರುತ್ತಾ ಅಮ್ಮಾ?"

ಅವರಿಗೆ ಅವಳ ಗುರುತು ಹತ್ತಲಿಲ್ಲ. ಇಪ್ಪತ್ತು ವರ್ಷದ ಹಿಂದೆ, ಇದೇ ಕಲ್ಲನ್ನು ಕಿತ್ತನೆಂದು ಸುಳ್ಳು ಕೇಸು ಹಾಕಿಸಿ ಅವಳಪ್ಪನನ್ನು ಜೈಲಿಗೆ ಕಳಿಸಿದವರು ಇವರೇ. ತಿರುಗಿ ಬಂದ ಅಪ್ಪ ಸಾಯುವ ತನಕ ಊರಲ್ಲಿ ತಲೆ ಎತ್ತಿ ನಡೆಯಲಿಲ್ಲ.

"ಸೋಮವಾರ ಎಲ್ಲರೂ ಬರ್ತಾರೆ ಸಾರ್. ಕಲ್ಲು ಎಲ್ಲಿದೆಯೋ ಅಲ್ಲಿಂದ ಲೆಕ್ಕ," ಎಂದಷ್ಟೇ ಹೇಳಿ ಅವಳು ಅಳತೆ ಪುಸ್ತಕ ಮುಚ್ಚಿದಳು.

ಸೋಮವಾರ ನೋಡಿದರೆ ಕಲ್ಲು ನೀರಿನ ಕಡೆಗೆ ಸರಿದು ನಿಂತಿತ್ತು.

"ಬುಡದ ಮಣ್ಣು ಸಡಿಲವಾಗಿದೆ," ಎಂದರು ಮಣ್ಣಿನವರು.

"ಮೊನ್ನೆ ಕಲ್ಲಿನ ಮೇಲಿನ ಪಾಚಿ ಕೆರೆ ಕಡೆಗಿತ್ತು, ಇವತ್ತು ಮನೆ ಕಡೆ ತಿರುಗಿದೆ," ಎಂದರು ಗಿಡದವರು.

ಮೇಡಂ ಅಕ್ಕಪಕ್ಕದವರನ್ನು ವಿಚಾರಿಸಿದರು. ಭಾನುವಾರ ತಹಸೀಲ್ದಾರರೇ ಕಲ್ಲಿನ ಬಳಿ ಹಾರೆ ಹಿಡಿದು ನಿಂತಿದ್ದನ್ನು ಇಬ್ಬರು ಕಂಡಿದ್ದರು. ಪೊಲೀಸ್ ಜೀಪು ಬಂತು.

"ಮನೆ ಉಳಿಸ್ಕೊಳ್ಳೋಕೆ ಹಿಂಗೆ ಮಾಡ್ಬಿಟ್ಟೆ ಕಣಮ್ಮಾ," ಎಂದು ಅವರು ಕೈ ಮುಗಿದರು.

ಚಂದ್ರಕಲಾ ಶುಕ್ರವಾರದ ಹಾಳೆ ತೆರೆದು ಅವರ ಕಣ್ಣ ಮುಂದೆ ಹಿಡಿದಳು.

"ನಿಮ್ಮನೆ ಮೂವತ್ತು ಮೀಟರ್ ದಾಟಿ ಎರಡು ಮೀಟರ್ ಆಚೆಗೇ ಇತ್ತು ಸಾರ್."