ಕೈಯಲ್ಲಿ ಕೂಗಿದ ಮೀನು

ಚಳಿಗಾಲದ ಕೊನೆ. ಸೂರ್ಯ ಆಗಷ್ಟೇ ನೀರಿನಿಂದ ಮೇಲೆದ್ದಿದ್ದ. ಮುದಿ ಮೀನುಗಾರ ಎತ್ತಿ ಹಿಡಿದಿದ್ದ ಮೀನಿಗೆ ವಿಕಿರಣ ಅಳೆಯುವ ಯಂತ್ರ ತಾಗಿಸಿದ್ದೇ ತಡ, ಯಂತ್ರ ಬಾಣಲೆಗೆ ಬಿದ್ದ ಸಾಸಿವೆಯಂತೆ ಚಟಪಟ ಸಿಡಿಯತೊಡಗಿತು.

ಗುಡ್ಡದಾಚೆಯ ಅಣುಸ್ಥಾವರ ಸೋರಿ ಎಷ್ಟೋ ವರ್ಷಗಳಾಗಿದ್ದವು. ಆಗಿನಿಂದ ಪ್ರತಿ ಶನಿವಾರ ಪರೀಕ್ಷೆಯ ಹೆಂಗಸೊಬ್ಬಳು ಸರೋವರದ ದಡಕ್ಕೆ ಬಂದು, ಮೀನಿನಲ್ಲಿ ವಿಕಿರಣದ ವಿಷ ಉಳಿದಿದೆಯೇ ಎಂದು ನೋಡುತ್ತಿದ್ದಳು. ಹಿಂದೊಮ್ಮೆ ಯಾರೋ ಬುಟ್ಟಿ ಅದಲುಬದಲು ಮಾಡಿ ಜಗಳವಾಗಿತ್ತು. ಅಂದಿನಿಂದ ಅವರವರ ಮೀನನ್ನು ಅವರವರೇ ಎದೆಮಟ್ಟಕ್ಕೆ ಎತ್ತಿ ಹಿಡಿಯಬೇಕೆಂಬ ಕಟ್ಟಳೆ.

ಉಳಿದವರ ಮೀನಿಗೆ ಯಂತ್ರ ಆಗೊಮ್ಮೆ ಈಗೊಮ್ಮೆ ಟಿಕ್ ಎಂದಿತು, ಅಷ್ಟೆ. ಮುಂದಿನ ವಾರವೂ ಹೀಗೇ ಕೂಗಿದರೆ ಸರೋವರ ಮುಚ್ಚಿಸಬೇಕಾಗುತ್ತದೆ ಎಂದಳು ಹೆಂಗಸು.

ಮುದುಕನಿಗೆ ನೆನಪಾದದ್ದು ಮಗಳು. ತುಂಬು ಬಸುರಿ. ನಿನ್ನೆಯೂ ಇದೇ ಬಲೆಯ ಮೀನು ತಿಂದಿದ್ದಳು.

ಎದ್ದುಬಿದ್ದು ಮನೆಗೆ ಹೋದವನೇ ಒಲೆಯ ಮೇಲಿದ್ದ ಮೀನುಸಾರಿನ ಪಾತ್ರೆಯನ್ನು ಹಿತ್ತಿಲಲ್ಲಿ ಬೋರಲು ಹಾಕಿದ.

"ಉಪ್ಪು ಜಾಸ್ತಿ ಆಗಿದ್ರೆ ಬಾಯಲ್ಲಿ ಹೇಳ್ಬಾರ್ದಾ ಅಪ್ಪಾ?" ಎಂದು ಮಗಳು ನಕ್ಕಳು.

ಅವನು ನಗಲಿಲ್ಲ. ಅಂದಿನಿಂದ ಅವಳ ಹಾಸಿಗೆಗೆ ತಾಗಿಸಿಯೇ ಚಾಪೆ ಹಾಸಿಕೊಂಡ. ಮೀನು ಮನೆಯೊಳಗೆ ಬರದಂತೆ ನೋಡಿಕೊಂಡ. ಬಿಡುವಾದಾಗಲೆಲ್ಲ ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕೂರುತ್ತಿದ್ದ. ಮಗು ಒದ್ದರೆ ಹೋದ ಜೀವ ಬರುತ್ತಿತ್ತು. ಒದೆಯದಿದ್ದರೆ ಕೈ ತೆಗೆಯಲು ಧೈರ್ಯವಿರಲಿಲ್ಲ.

ಬಲೆಯನ್ನು ಆಚೆ ದಡಕ್ಕೆ ಸಾಗಿಸಿದ. ಭಾವಮೈದುನ ಸುಮ್ಮನಿರುವವನಲ್ಲ. "ಮೊನ್ನೆಮೊನ್ನೆ ನೀನು ಪಟ್ಟಣಕ್ಕೆ ಹೋಗಿ ಗಂಟಲ ಗಂಟು ಕರಗಿಸ್ಕೊಂಡು ಬಂದೆ. ಈಗ ಹಣೆಬರಹ ಗಂಟು ಬಿದ್ದಿದೆ ನೋಡು ಭಾವ," ಎಂದ. ಹೇಳಿದವನ ಮುಖವೂ ಬಿಳಿಚಿತ್ತು. ಸರೋವರ ಮುಚ್ಚಿದರೆ ಅವನ ಒಲೆಯೂ ಆರುತ್ತಿತ್ತು.

ಮತ್ತೆ ಶನಿವಾರ. ಮತ್ತೆ ಚಟಪಟ, ಹೋದ ವಾರಕ್ಕಿಂತ ಕೊಂಚ ಕಡಿಮೆ. ಮುದುಕ ಭಾವಮೈದುನನ ಕೈಯಲ್ಲಿ ಈಗಷ್ಟೇ ಸುಮ್ಮನಿದ್ದ ಮೀನನ್ನು ಕಿತ್ತುಕೊಂಡು ತಾನೇ ಎತ್ತಿ ಹಿಡಿದ. ಅದೂ ಕೂಗಿತು. ಜನ ಹಿಂದೆ ಸರಿದರು.

ಹೆಂಗಸು ಮೀನನ್ನು ಕಲ್ಲಿನ ಮೇಲಿಡಿಸಿ ಅವನನ್ನು ದೂರ ನಿಲ್ಲಿಸಿದಳು. ಯಂತ್ರ ತಣ್ಣಗಾಯಿತು. ಅವನ ಬುಟ್ಟಿಯ ಮೀನನ್ನೂ ಹಾಗೇ ಇಟ್ಟು ನೋಡಿದಳು. ಅದೂ ತಣ್ಣಗೆ. ಯಾರೋ ಜೋರಾಗಿ ನಕ್ಕರು. ಸರೋವರ ಉಳಿದಿತ್ತು.

ಅವಳು ಮಾತ್ರ ನಗಲಿಲ್ಲ. ಹತ್ತಿರ ಬಂದು ಯಂತ್ರವನ್ನು ಮುದುಕನ ಕುತ್ತಿಗೆಗೆ ಹಿಡಿದಳು. ಅದು ಎಂದೂ ಅರಚದ ಹಾಗೆ ಅರಚಿತು.

"ಗಂಟಲಿಗೆ ಏನು ಕೊಟ್ರು, ಅಜ್ಜಾ?"

"ಒಂದೇ ಒಂದು ಮಾತ್ರೆ, ಮೇಡಂ. ಸೀಸದ ಡಬ್ಬಿಯಿಂದ ಚಿಮಟದಲ್ಲಿ ತೆಗೆದು ಕೊಟ್ರು." ಅವನ ದನಿ ಇಳಿಯಿತು. "ಕೆಲವು ವಾರ ಬಸುರಿಯರಿಂದ, ಮಕ್ಕಳಿಂದ ದೂರ ಇರು ಅಂದ್ರು. ನಂಗೆ ಕೆಮ್ಮಿಲ್ಲ, ಜ್ವರ ಇಲ್ಲ. ಏನು ಅಂಟುತ್ತೆ ಅಂದ್ಕೊಂಡೆ."

"ಆ ಮಾತ್ರೆಯಲ್ಲೇ ವಿಕಿರಣ ಇತ್ತು, ಅಜ್ಜಾ," ಎಂದಳು ಅವಳು.

ಆ ಶನಿವಾರ ಮೀನು ಮಗಳ ಒಲೆಗೆ ಹೋಯಿತು. ಬಾಗಿಲಲ್ಲಿ ನಿಂತು ಅವಳು ಕರೆಯುತ್ತಿದ್ದರೂ ಹೊಸಿಲು ಮೆಟ್ಟದೆ, ದೋಣಿ ಕಟ್ಟುವ ಗುಡಿಸಲಿಗೆ ಒಂಟಿಯಾಗಿ ಹೊರಟುಹೋದವನು ಅಪ್ಪ.