ಮೇಲಿನ ಹಲಗೆಯ ಮಿಶ್ರಿ ಡಬ್ಬಿ

ನಾನು ಐದನೆಯ ತರಗತಿ ಮುಗಿಸಿದ ಮೇ ತಿಂಗಳ ಒಂದು ಮಧ್ಯಾಹ್ನ, ಮುಂಬಯಿಯ ಕಾಂದಿವಲಿಯ ಚಾಳಿನ ನಮ್ಮ ಖೋಲಿಯಲ್ಲಿ ಅವ್ವ ಮೊಬೈಲಿನ ವಿಡಿಯೊ ನೋಡಿ ಬ್ಯಾಲೆ ವ್ಯಾಯಾಮ ಮಾಡಿದಳು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿದಳು. ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುತ್ತಿದ್ದ ಕುಳ್ಳಿ ಸೋದರತ್ತೆ ಬಾಗಿಲಿಗೆ ಹೋಗಿ ಕೂಗಿದಳು:

“ಬರ್ರೆವಾ, ನಮ್ಮನ್ಯಾಗ ಕೊಕ್ಕರಿ ಕುಣ್ಯಾಕತ್ತೈತಿ!”

ನೆರೆಯವರು ಬಂದು ನಕ್ಕರು. ಅವ್ವ ವಿಡಿಯೊ ಮುಗಿಯುವತನಕ ನಿಲ್ಲಿಸಲಿಲ್ಲ. ಆಮೇಲೆ ಅತ್ತೆಯ ಮಿಶ್ರಿ ಡಬ್ಬಿಯನ್ನು ಅಡುಗೆಕಟ್ಟೆಯ ಗೋಡೆಯಲ್ಲಿ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿಟ್ಟು, ಬಾಗಿಲನ್ನು ಪೂರ್ತಿ ತೆರೆದಳು.

ಸಂಜೆ ಅತ್ತೆಗೆ ಡಬ್ಬಿ ಎಟುಕಲಿಲ್ಲ. “ತಗದ್ ಕೊಡ,” ಎಂದಳು.

“ಕಟ್ಟಿ ಹಿಡಕೊಂಡು ಹಿಮ್ಮಡ ಎತ್ರಿ ಅಕ್ಕಾರ,” ಎಂದಳು ಅವ್ವ. “ಬೆನ್ನ ನೆಟ್ಟಗಿರ್ಲಿ.”

ನೆರೆಯವರು ಮತ್ತೆ ಬಂದು ನಿಂತಿದ್ದರು.

ಇಷ್ಟು ವರ್ಷಗಳಾದ ಮೇಲೆ ಇಂದು ಬೆಳಿಗ್ಗೆಯೂ ಮಿಶ್ರಿಯ ವಾಸನೆಗೆ ಎಚ್ಚರವಾಯಿತು. ಅತ್ತೆ ಡಬ್ಬಿಯನ್ನು ಕಟ್ಟೆಯ ಮೇಲೆ ಬಿಟ್ಟಿದ್ದಳು. ನಾನು ಚಹಾ ಕುಡಿಯುವಷ್ಟರಲ್ಲಿ ಅವ್ವ ಎಂದಿನಂತೆ ಅದನ್ನು ಮೇಲಿನ ಹಲಗೆಗೆ ಸೇರಿಸಿದಳು.