ಮೊದಲ ಗಾಡಿ

ಹೆಬ್ಬಗೋಡಿ ದಾಟಿ ಬೊಮ್ಮಸಂದ್ರದ ಕಡೆ ಹೊರಳಬೇಕು ಅನ್ನುವಷ್ಟರಲ್ಲಿ ಚಿರಂಜೀವಿಯ ಕಾರಿನ ಬಾನೆಟ್ಟಿನೊಳಗೆ ಟಕಟಕ ಸದ್ದು ಶುರುವಾಯಿತು. ಜಾಮಿನಲ್ಲಿ ಬಹಳ ಹೊತ್ತು ನಿಂತು ಎಂಜಿನ್ನು ಕಾದ ಕಾವಲಿಯಾಗಿತ್ತು. ಮುಂದೆ ದಾರಿ ಬಿಟ್ಟಿದ್ದೇ ತಡ, ಮಹಾರಾಯ ಆಕ್ಸಿಲರೇಟರ್ ಒತ್ತಿಯೇ ಬಿಟ್ಟ. ಒಳಗೆ ಏನೋ ಒಡೆದ ಸದ್ದಾಯಿತು, ಹಿಂದೆ ನೀಲಿ ಹೊಗೆ ಎದ್ದಿತು, ಗಾಡಿ ಬಸ್ಸುಗಳ ನಡುವೆ ನಿಂತುಹೋಯಿತು. ಸ್ಟೀರಿಂಗ್ ಹಿಡಿದು ಕೂತವನಿಗೆ ಪ್ರಸನ್ನನ ಮುಖ ನೆನಪಾಯಿತು.

ಪ್ರಸನ್ನ ಅವನ ಸ್ಕೂಲಿನ ಗೆಳೆಯ. ಪೀಣ್ಯದಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ದುಡಿದು, ಇವತ್ತು ಬೊಮ್ಮಸಂದ್ರದ ಶೆಡ್ಡೊಂದರಲ್ಲಿ ಸ್ವಂತ ಟ್ಯೂನಿಂಗ್ ಅಂಗಡಿ ತೆರೆಯುತ್ತಿದ್ದ. ಈ ಕಾರಿಗೆ ಸೂಪರ್‌ಚಾರ್ಜರ್ ಕೂರಿಸಿದವನೂ ಅವನೇ. ಎಂಜಿನ್ನಿನೊಳಕ್ಕೆ ಬಲವಂತವಾಗಿ ಗಾಳಿ ತುರುಕುವ ಸಾಮಾನು ಅದು. ಗಾಳಿ ಹೆಚ್ಚಿದ ಮೇಲೆ ಪೆಟ್ರೋಲು ಎಷ್ಟು, ಕಿಡಿ ಯಾವಾಗ ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಹೊಸದಾಗಿ ಹೊಂದಿಸಬೇಕು; ಟ್ಯೂನಿಂಗ್ ಅಂದರೆ ಅದೇ. "ಅದೊಂದು ಮುಟ್ಬೇಡ ಮಗಾ," ಎಂದಿದ್ದ ಪ್ರಸನ್ನ. "ಪೂಜೆ ದಿನ ನಮ್ ಟೆಸ್ಟಿಂಗ್ ಮಷೀನ್ ಹತ್ತೋ ಮೊದಲ್ನೇ ಗಾಡಿ ನಿಂದೇ. ಎಲ್ರ ಮುಂದೆ ನಾನೇ ಟ್ಯೂನ್ ಮಾಡ್ತೀನಿ. ಅದನ್ನ ನೋಡ್ಕೊಂಡು ತಾನೇ ನಾಲ್ಕು ಜನ ಬರೋದು."

ಅಷ್ಟು ಕೇಳಿಕೊಂಡು ತೆಪ್ಪಗಿರುವುದು ಚಿರಂಜೀವಿಯ ಜಾತಕದಲ್ಲೇ ಇರಲಿಲ್ಲ. ಒಂದು ಕೇಬಲ್ ತರಿಸಿದ, ಫೋನಿನಲ್ಲಿ ವಿಡಿಯೋ ನೋಡಿದ, ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗಿನ ತಂಪಿನಲ್ಲಿ ಆನೇಕಲ್ ರಸ್ತೆಗೆ ಹೋಗಿ ತಾನೇ ಟ್ಯೂನ್ ಮಾಡಿದ. ಖಾಲಿ ರಸ್ತೆಯಲ್ಲಿ ಗಾಡಿ ಸಕ್ಕತ್ತಾಗಿ ಹಾರಿತು. ಆ ತಂಪಿನಲ್ಲಿ ಕೂಡಿಸಿದ ಲೆಕ್ಕ ಹೊಸೂರು ರಸ್ತೆಯ ಜಾಮಿನ ಬಿಸಿಗೆ ತಡೆಯುತ್ತದೆಯೇ ಎಂದು ಯೋಚಿಸುವ ತಾಳ್ಮೆ ಯಾರಿಗಿತ್ತು? ಕೆಟ್ಟ ಉದ್ದೇಶವೇನೂ ಇರಲಿಲ್ಲ, ಪಾಪ. ಗಾಡಿ ಮಷೀನ್ ಹತ್ತಿದಾಗ ಪ್ರಸನ್ನ ಬೆರಗಾಗಿ, ನೀನೇ ಮಾಡಿದ್ದಾ ಎಂದು ಎಲ್ಲರೆದುರು ಕೇಳಬೇಕು, ಅಷ್ಟೇ ಆಸೆ.

ಕೊನೆಗೆ ಆ ಗಾಡಿ ಅಂಗಡಿಗೆ ಬಂದದ್ದು ಟೋಯಿಂಗ್ ಲಾರಿಯ ಮೇಲೆ. ಶೆಡ್ಡಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಒಳಗೆ, ಕಾರನ್ನು ನಿಂತಲ್ಲೇ ಓಡಿಸಿ ನೋಡುವ ಆ ಮಷೀನಿನ ರೋಲರುಗಳಿಗೆ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಹಾರ ಹಾಕಿದ್ದರು. ಕಾರಿನ ಹುಚ್ಚಿನ ಹುಡುಗರು ವೈಟ್‌ಫೀಲ್ಡಿನಿಂದೆಲ್ಲ ತಮ್ಮ ಗಾಡಿ ತಂದು ಸಾಲಾಗಿ ನಿಲ್ಲಿಸಿಕೊಂಡು, ಮೊದಲನೆಯದು ಆದಮೇಲೆ ತಮ್ಮದೂ ಹತ್ತಿಸೋಣವೆಂದು ಕಾದಿದ್ದರು. ಈಗ ಎಲ್ಲರ ಕಣ್ಣೂ ಆಯಿಲ್ ಸುರಿಸುತ್ತಾ ಲಾರಿಯಿಂದ ಇಳಿದ ಕಾರಿನ ಮೇಲೆ. ಪ್ರಸನ್ನ ಓಡಿ ಬಂದು ಬಾನೆಟ್ ಎತ್ತಿದ, ಆಮೇಲೆ ತನ್ನ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ನೋಡಿದ. ಅವನಿಗೆ ಎಲ್ಲ ತಿಳಿಯಿತು.

ಶೆಡ್ಡಿನ ಮಾಲೀಕ ಕೃಷ್ಣಪ್ಪ ಆ ಊರಿನ ಹಳೆಯ ಮನುಷ್ಯ, ಮನಸ್ಸಿಗೆ ಬಂದದ್ದನ್ನು ಆಡಿಯೇ ಬಿಡುವವನು. "ಏನಪ್ಪಾ ಚಿರಂಜೀವಿ, ನಮ್ ಪ್ರಸನ್ನನೇ ರೆಡಿ ಮಾಡಿದ್ ಗಾಡಿ ಅಲ್ವಾ ಇದು? ಯಾಕಿಂಗಾಯ್ತು?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಾನೇ ಕೈ ಹಾಕಿ ಕೆಡಿಸಿದೆ ಎಂದಿದ್ದರೆ ಮುಗಿಯುತ್ತಿತ್ತು. ಹುಡುಗರು ಒಂದು ಸಲ ಗೊಳ್ಳೆಂದು ನಗುತ್ತಿದ್ದರು, ಆಮೇಲೆ ಪ್ರಸನ್ನನ ಮಷೀನು ತಿರುಗುತ್ತಿತ್ತು. ಆ ನಗುವಿಗೆ ಹೆದರಿದ ಚಿರಂಜೀವಿ. "ಗೊತ್ತಿಲ್ಲ ಕೃಷ್ಣಪ್ನೋರೇ, ದಾರೀಲಿ ಇದ್ದಕ್ಕಿದ್ದಂಗೆ ಹೋಯ್ತು," ಎಂದುಬಿಟ್ಟ. ಪ್ರಸನ್ನ ತಲೆ ಎತ್ತಿ ಅವನನ್ನು ಒಮ್ಮೆ ನೋಡಿ ಬಾನೆಟ್ ಮುಚ್ಚಿದ. ಅವನಾದರೂ ನಿಜ ಹೇಳಬಹುದಿತ್ತು. ಆದರೆ ಅಂಗಡಿ ತೆರೆದ ದಿನವೇ ಗಿರಾಕಿಯ ಮೇಲೆ ತಪ್ಪು ಹೊರಿಸಿದರೆ ಯಾರು ನಂಬುತ್ತಾರೆ?

ಪುಳಿಯೋಗರೆ, ಕೇಸರಿಬಾತು ತಿನ್ನುತ್ತಾ ಹುಡುಗರು ಗುಸುಗುಸು ಮಾತಾಡಿಕೊಂಡರು. ಒಬ್ಬನಿಗೆ ಅರ್ಜೆಂಟ್ ಫೋನ್ ಬಂತು, ಇನ್ನೊಬ್ಬನಿಗೆ ಮುಂದಿನ ವಾರ ಬರುವುದೇ ವಾಸಿ ಅನ್ನಿಸಿತು. ಸಾಲಾಗಿ ನಿಂತಿದ್ದ ಗಾಡಿಗಳು ಒಂದೊಂದಾಗಿ ಗೇಟು ದಾಟಿದವು. ಮೂಲೆಯಲ್ಲಿ ಕೂತ ಚಿರಂಜೀವಿ ತಟ್ಟೆಯನ್ನು ಪಕ್ಕಕ್ಕಿಟ್ಟ. ಥೂ ನನ್ನ ಜನ್ಮಕ್ಕೆ, ಎಂದು ತನ್ನನ್ನೇ ಬೈದುಕೊಂಡ. ಎಂಜಿನ್ನು ಹೋದರೆ ಇನ್ನೊಂದು ತರಬಹುದಿತ್ತು. ಗೆಳೆಯ ಇಷ್ಟು ವರ್ಷ ಕಾದು ಕಟ್ಟಿಕೊಂಡ ಹೆಸರನ್ನು ಒಂದೇ ಮಾತಿನಲ್ಲಿ ಮಣ್ಣುಪಾಲು ಮಾಡಿಬಿಟ್ಟೆನಲ್ಲ ಎಂದು ಸಂಕಟವಾಯಿತು.

ಕಡೆಗೆ ಎದ್ದು ಹೋಗಿ ಪ್ರಸನ್ನನ ಪಕ್ಕ ನಿಂತ. "ತಪ್ಪಾಯ್ತು ಮಗಾ. ನಾನೇ ಮಾಡಿದ್ದು ಅಂತ ಎಲ್ರಿಗೂ ಹೇಳ್ತೀನಿ."

"ಯಾರಿಗೆ?" ಪ್ರಸನ್ನ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. "ಎಲ್ರೂ ಊಟ ಮಾಡ್ಕೊಂಡು ಹೋದ್ರು."

ಚಿರಂಜೀವಿ ತಾನೂ ಒಂದು ಕುರ್ಚಿ ಎತ್ತಲು ಹೋದ. ಪ್ರಸನ್ನ ಅದನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ.

"ಗಾಡಿ ಇಲ್ಲೇ ಇರ್ಲಿ ಸಾರ್," ಎಂದ. "ನೀವು ಹೊರಡಿ. ನೋಡಿ ಫೋನ್ ಮಾಡ್ತೀವಿ."